ಆ ಹೊಲ ಯಾರದು ಎಂಬ ನಿಮ್ಮ ಪ್ರಶ್ನೆಗೆ

ಲೀಡ್ಸ್
ಏಪ್ರಿಲ್ 27

ತೀರ್ಥರೂಪರಾದ ಅಪ್ಪನಿಗೆ,

ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಮ್ಮನಿಗೂ ಸೇರಿಸಿಯೇ ಬರೆಯುತ್ತಿದ್ದೇನೆ. ಅವಳಿಗೆ ಓದಿ ಹೇಳುವಾಗ ನಡುನಡುವೆ ಹಾರಿಸಬೇಡಿ, ಅವಳಿಗೆ ಗೊತ್ತಾಗಿಬಿಡುತ್ತದೆ.

ಹೋದ ವಾರ ಮೊಬೈಲಿಗೆ ಕಳಿಸಿದ ಚಿತ್ರ ನೋಡಿ ಮನೆಯಲ್ಲಿ ಎಲ್ಲರೂ ಬೆಳಕು ಚೆನ್ನಾಗಿದೆ, ಮೋಡ ಚೆನ್ನಾಗಿದೆ ಎಂದರು. ನೀವು ಮಾತ್ರ ಕೇಳಿದ್ದು ಒಂದೇ: “ಆ ಹೊಲ ಯಾರದು? ಕೇಳಿಕೊಂಡು ಒಳಗೆ ಹೋದೆಯಾ?” ಸರ್ವೆ ಇಲಾಖೆಯಲ್ಲಿ ಆಯಸ್ಸೆಲ್ಲ ಊರವರ ಹದ್ದುಬಸ್ತು ಮಾಡಿಕೊಟ್ಟವರು ಇನ್ನೇನು ಕೇಳುತ್ತೀರಿ! ಉತ್ತರ ಉದ್ದವಿತ್ತು, ಫೋನಿನಲ್ಲಿ ಆಮೇಲೆ ಹೇಳುತ್ತೇನೆ ಎಂದು ಜಾರಿಕೊಂಡೆ. ಅದಕ್ಕೇ ಈ ಕಾಗದ. ಜೊತೆಗೆ ಕೆಲವು ಚಿತ್ರಗಳನ್ನು ಪ್ರಿಂಟ್ ಹಾಕಿಸಿ, ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಅಂಕಿ ಬರೆದು ಇಟ್ಟಿದ್ದೇನೆ.

ಹೊಲ ಯಾರದೋ ನನಗೆ ಗೊತ್ತಿಲ್ಲ ಅಪ್ಪ. ಕೇಳಿಯೂ ಇಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಒಂದನೇ ಚಿತ್ರದಲ್ಲಿ ಮೊಳಕಾಲಿಗೂ ಬಾರದ ಗೋಧಿ ಪೈರಿನ ನಡುವೆ ಬೈತಲೆ ತೆಗೆದ ಹಾಗೆ ಒಂದು ಗೆರೆ ಕಾಣುತ್ತದಲ್ಲ, ಅದು ಸಾರ್ವಜನಿಕ ಕಾಲುದಾರಿ. ನೆಲ ರೈತನದು, ನಡೆಯುವ ಹಕ್ಕು ಎಲ್ಲರದು. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂಥ ದಾರಿಗಳು ಸುಮಾರು 2,25,000 ಕಿಲೋಮೀಟರ್ ಇವೆ. ಹೊಲದ ನಡುವೆ ಹಾಯುವ ದಾರಿಯನ್ನು ಬಿತ್ತನೆಗೆಂದು ಉಳಬಹುದು. ಆದರೆ 14 ದಿನಗಳೊಳಗೆ, ಕನಿಷ್ಠ ಒಂದು ಮೀಟರ್ ಅಗಲಕ್ಕೆ, ಮತ್ತೆ ನಡೆಯಲು ಬರುವಂತೆ ಬಿಡಿಸಿಕೊಡಬೇಕು. ಆ ಗೆರೆ ಹಾಗೆ ಬಿಡಿಸಿಕೊಟ್ಟದ್ದು. ಈ ದಾರಿಗಳ ಅಧಿಕೃತ ನಕಾಶೆ ಸ್ಥಳೀಯ ಕೌನ್ಸಿಲ್ಲಿನ ಬಳಿ ಇರುತ್ತದೆ. ಅದರಲ್ಲಿ ಗೆರೆ ಇದೆ ಎಂದರೆ ದಾರಿ ಇದೆ ಎಂದೇ ಲೆಕ್ಕ, ಬೇರೆ ಸಾಕ್ಷಿ ಬೇಡ. ಊರೂರಿನ ಕಾಲುದಾರಿಗಳನ್ನು ಸರ್ವೆ ಮಾಡಿ ದಾಖಲಿಸಬೇಕೆಂದು 1949ರ ಕಾಯ್ದೆ ಕಡ್ಡಾಯ ಮಾಡಿತಂತೆ. ಆ ಕೆಲಸ ಮಾಡಿದವರ ಪಾಡು ನಿಮಗೆ ನನಗಿಂತ ಚೆನ್ನಾಗಿ ಅರ್ಥವಾದೀತು.

ಬೆಟ್ಟಗಳ ಕಥೆ ಮಾತ್ರ ಜಗಳದ್ದು. 1932ರ ಏಪ್ರಿಲ್ 24ರಂದು, ಬೇಟೆಗೆಂದು ಭೂಮಾಲೀಕರು ಕಾವಲಿಟ್ಟಿದ್ದ ಕಿಂಡರ್ ಸ್ಕೌಟ್ ಎಂಬ ಬೆಟ್ಟವನ್ನು ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ಕಡೆಯ ನೂರಾರು ಜನ ಬೇಕೆಂದೇ ಹತ್ತಿದರು. ಕಾವಲುಗಾರರ ಜೊತೆ ತಳ್ಳಾಟವಾಯಿತು, ಐವರು ಜೈಲಿಗೆ ಹೋದರು. ಬೋಳುಗುಡ್ಡಗಳ ಮೇಲೆ ದಾರಿ ಬಿಟ್ಟೂ ಅಡ್ಡಾಡುವ ಹಕ್ಕನ್ನು ಕಾಯ್ದೆಯೇ ಕೊಟ್ಟದ್ದು 2000ದಲ್ಲಿ.

ಎರಡನೇ ಚಿತ್ರ ತಡಮೆಯದು. ಮ್ಯಾಲಮ್ ಎಂಬ ಊರಿನ ಹತ್ತಿರ ತೆಗೆದದ್ದು. ಇಲ್ಲಿನವರು ತಡಮೆಗೆ ಸ್ಟೈಲ್ ಎನ್ನುತ್ತಾರೆ. ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆಯ ನಡುವೆ ಎರಡು ನಿಲುಗಲ್ಲು, ನಡುವೆ ಒಂದು ಸೀಳು. ಮನುಷ್ಯರ ಕಾಲು ತೂರುತ್ತದೆ, ಕುರಿಯ ಹೊಟ್ಟೆ ತೂರುವುದಿಲ್ಲ. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ: ಗೋಡೆಯ ಮಿಕ್ಕ ಕಲ್ಲುಗಳೆಲ್ಲ ಒರಟಾಗಿ ಪಾಚಿ ಹಿಡಿದಿವೆ, ಸೀಳಿನ ಒಳಮೈ ಮಾತ್ರ ತೊಡೆಯ ಎತ್ತರಕ್ಕೆ ಒರಳಿನ ಅಂಚಿನಂತೆ ನುಣುಪಾಗಿ ಹೊಳೆಯುತ್ತಿದೆ. ಅದು ಎಷ್ಟು ಜನರ ಬಟ್ಟೆ ಉಜ್ಜಿ ಆದದ್ದೋ. ನಾನು ಮೊದಲು ಅದನ್ನು ನೋಡಿಯೇ ಇರಲಿಲ್ಲ. ಕ್ಯಾಮೆರಾ ಚೀಲ ಬೆನ್ನಿಗೇರಿಸಿಕೊಂಡೇ ನುಗ್ಗಿದೆ, ಚೀಲ ಸಿಕ್ಕಿಹಾಕಿಕೊಂಡಿತು, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಹಾಗೆ ನಿಂತಾಗ ಕೈ ಊರಿದ್ದು ಆ ನುಣುಪಿನ ಮೇಲೆ. ಬಿಡಿಸಿಕೊಂಡು ಬಂದವಳು ಹುಲ್ಲಿನ ಮೇಲೆ ಕುಳಿತು ಇಪ್ಪತ್ತು ನಿಮಿಷ ಅದೊಂದನ್ನೇ ತೆಗೆದೆ. ಹಿಂದೆ ಬಂದ ದಂಪತಿ ಪಾಪ, ನಾನು ಮುಗಿಸುವವರೆಗೆ ಗೋಡೆಯ ಆಚೆ ಕಾದರು. ಅಲ್ಲಿನ 80 ಮೀಟರ್ ಎತ್ತರದ ಸುಣ್ಣಗಲ್ಲಿನ ಬಂಡೆ ಬಹಳ ಹೆಸರುವಾಸಿ, ಬಸ್ಸಿನಲ್ಲಿ ಬಂದವರೆಲ್ಲ ಅದಕ್ಕೇ ಬರುತ್ತಾರೆ. ನಾನೂ ತೆಗೆದೆ. ಅಂಗಡಿಯ ಪೋಸ್ಟ್‌ಕಾರ್ಡಿನಲ್ಲಿ ಅದಕ್ಕಿಂತ ಚೆನ್ನಾಗಿ ಬಂದಿದೆ, ಹಾಗಾಗಿ ಕಳಿಸಿಲ್ಲ.

ಹೊಲಗದ್ದೆಯ ಶಿಷ್ಟಾಚಾರದಲ್ಲಿ ಒಮ್ಮೆ ಮುಖಭಂಗವೂ ಆಯಿತು. ತೆರೆದಿದ್ದ ಗೇಟೊಂದನ್ನು, ಕುರಿಗಳು ತಪ್ಪಿಸಿಕೊಂಡಾವು ಎಂದು, ಬಲು ಜವಾಬ್ದಾರಿಯಿಂದ ಮುಚ್ಚಿ ಚಿಲಕ ಹಾಕಿ ಮುಂದೆ ಹೋದೆ. ಅರ್ಧ ಮೈಲಿ ದಾಟಿರಲಿಲ್ಲ, ರೈತರೊಬ್ಬರು ನಾಲ್ಕು ಚಕ್ರದ ಬೈಕಿನಲ್ಲಿ ಹಿಂದೆಯೇ ಬಂದರು. “ನೀರು ಆ ಕಡೆ ಇದೆ, ಕುರಿಗಳು ಈ ಕಡೆ ಇವೆ” ಎಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಬೇಕು ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತಿರುವ ನಿಯಮ. ಕ್ಷಮೆ ಕೇಳಿ ವಾಪಸ್ಸು ನಡೆದು ತೆರೆದು ಬಂದೆ.

ಈಗ ನಿಮಗೆಂದೇ ಇಟ್ಟುಕೊಂಡಿದ್ದ ಮೂರನೆಯದು. ಇಲ್ಕ್ಲಿ ಮೂರ್ ಎಂಬ ಗುಡ್ಡದ ನೆತ್ತಿ, 402 ಮೀಟರ್. ಆ ಕಾಂಕ್ರೀಟಿನ ಕಂಬ ಯಾವುದೆಂದು ನಾನು ಹೇಳಬೇಕೆ? ತ್ರಿಕೋನ ಸರ್ವೆಯದು. ಇಡೀ ದೇಶವನ್ನು ಹೊಸದಾಗಿ ಅಳೆಯಲು 1936ರಿಂದ ಇಂಥ 6,500ಕ್ಕೂ ಹೆಚ್ಚು ಕಂಬಗಳನ್ನು ಬೆಟ್ಟಬೆಟ್ಟದ ಮೇಲೆ ಕಟ್ಟಿದರು. ಕಲ್ಲು, ಸಿಮೆಂಟು, ನೀರು ಎಲ್ಲವನ್ನೂ ಹೊತ್ತು ಏರಿಸಬೇಕಿತ್ತು. ತಲೆಯ ಮೇಲೆ, ಕೋನ ಅಳೆಯುವ ಥಿಯೋಡೊಲೈಟಿನ ಮೂರು ಕಾಲು ಕೂರಲು ಹಿತ್ತಾಳೆಯಲ್ಲಿ ಕೊರೆದ ಮೂರು ತೋಡುಗಳಿವೆ, ಪಕ್ಕದಲ್ಲಿ ಸಂಖ್ಯೆ ಕೊರೆದ ಲೋಹದ ಫಲಕವಿದೆ. ಉಪಗ್ರಹ ಬಂದ ಮೇಲೆ ಇವುಗಳಿಗೆ ಕೆಲಸವಿಲ್ಲ. ಒಂದು ಕಂಬದಿಂದ ಕನಿಷ್ಠ ಇನ್ನೆರಡು ಕಾಣಬೇಕು ಎಂಬ ಲೆಕ್ಕದಲ್ಲಿ ಜಾಗ ಆರಿಸಿದ್ದರಂತೆ. ಅಂದು ನನಗೆ ಕಂಡದ್ದು ಮಂಜು ಮತ್ತು ಒಂದು ಕುರಿ. ಥಿಯೋಡೊಲೈಟ್ ಕೂರುತ್ತಿದ್ದ ಜಾಗದಲ್ಲಿ ಕ್ಯಾಮೆರಾ ಇಟ್ಟು, ಹತ್ತು ಸೆಕೆಂಡಿನ ಟೈಮರ್ ಹಾಕಿ ಓಡಿ ಬಂದು ನಿಂತೆ. ಗಾಳಿಗೆ ಕೂದಲು ಮುಖದ ಮೇಲೆ ಬಂದು ಹಾಳಾಯಿತು, ಅದನ್ನೂ ಇಟ್ಟಿದ್ದೇನೆ. ಇಡೀ ಗುಡ್ಡ ಸೇರಿದ ನಕಾಶೆಯ ಹಾಳೆಯೂ ಇದೇ ಲಕೋಟೆಯಲ್ಲಿದೆ. ನಾಲ್ಕು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಹೊಲಗಳ ಗೋಡೆಗಳೂ ಅದರಲ್ಲಿವೆ. ಹಸಿರು ತುಂಡುಗೆರೆಗಳು ಕಾಲುದಾರಿಗಳು. ನೀವು ಭೂತಗನ್ನಡಿ ಹಿಡಿದು ಕುಳಿತರೆ ಅಮ್ಮನ ಕರೆ ಎರಡು ದಿನ ಕೇಳಿಸುವುದಿಲ್ಲ.

ಅಮ್ಮ, ಒಬ್ಬಳೇ ಗುಡ್ಡ ಹತ್ತುತ್ತಾಳೆ ಎಂದು ನೀನು ಗಾಬರಿಯಾಗಬೇಡ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಮನೆಯ ಜೊತೆಗಾತಿಗೆ ಬರೆದಿಟ್ಟು ಹೋಗುತ್ತೇನೆ. ಚೀಲದಲ್ಲಿ ಸೀಟಿ ಇದೆ. ಒಂದು ನಿಮಿಷಕ್ಕೆ ಆರು ಸಲ ಊದಿದರೆ ಸಹಾಯ ಬೇಕೆಂದು ಅರ್ಥ. ಇಷ್ಟು ದಿನದಲ್ಲಿ ಊದಿದ್ದು ಒಂದೇ ಸಲ, ಕೆಲಸ ಮಾಡುತ್ತದೆಯೇ ಎಂದು ನೋಡಲು, ಅದೂ ಮನೆಯೊಳಗೆ.

ಬೆಳಕಿನ ಬಗ್ಗೆ ಒಂದು ಮಾತು. ಈ ಊರು ಇರುವುದು 53.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಸೂರ್ಯ ಬಾನಂಚಿನಿಂದ 13 ಡಿಗ್ರಿ ಮೇಲಕ್ಕೆ ಬರುವುದಿಲ್ಲ, ನಾಲ್ಕು ಗಂಟೆಯೊಳಗೆ ಮುಳುಗುತ್ತಾನೆ. ಜನ ಗೊಣಗುತ್ತಾರೆ. ಕ್ಯಾಮೆರಾ ಹಿಡಿದವರಿಗೆ ಮಾತ್ರ ಬಿಸಿಲಿದ್ದ ದಿನ ಬೆಳಗಿನಿಂದ ಸಂಜೆಯವರೆಗೂ ಎಳೆಬಿಸಿಲೇ. ಮೊದಲ ಹಿಮ ಬಿದ್ದ ದಿನ ಕಣ್ಣು ಕುಕ್ಕುವ ಬಿಳುಪನ್ನೆಲ್ಲ ತೆಗೆದೆ, ಮನೆಗೆ ಬಂದು ನೋಡಿದರೆ ಎಲ್ಲ ಬೂದಿ ಸುರಿದ ಹಾಗೆ. ಎದುರಿಗೆ ಏನೇ ಇರಲಿ, ಅದನ್ನು ಮಧ್ಯಮ ಬೂದು ಬಣ್ಣ ಎಂದುಕೊಂಡೇ ಕ್ಯಾಮೆರಾ ಬೆಳಕು ಅಳೆಯುತ್ತದೆ. ನಿಮ್ಮ ಸರಪಳಿಯ ಕಥೆಯೇ ನೆನಪಾಯಿತು, ಹಿಗ್ಗಿದ ಕೊಂಡಿಯನ್ನು ಮೊದಲು ನೋಡಿಕೊಳ್ಳದೆ ಅಳೆಯಲು ಹೊರಟವರದ್ದು. ಈಗ ಹಿಮಕ್ಕೂ ಬಿಳಿ ಕುರಿಗೂ ಒಂದು ಹಂತ ಹೆಚ್ಚು ಬೆಳಕು ಬಿಡುತ್ತೇನೆ.

ಊರೊಳಗೆ ನಡೆಯುವುದು ಬೇರೆಯೇ. ಇಲ್ಲಿ ಲೀಡ್ಸ್ ಸೇತುವೆ ಎಂದೊಂದಿದೆ, ಏರ್ ನದಿಗೆ ಹಾಕಿದ ಕಬ್ಬಿಣದ ಸೇತುವೆ. 1888ರ ಅಕ್ಟೋಬರಿನಲ್ಲಿ ಲೂಯಿ ಲ ಪ್ರಿನ್ಸ್ ಎಂಬ ಫ್ರೆಂಚ್ ಮನುಷ್ಯ ಪಕ್ಕದ ಕಟ್ಟಡದ ಕಿಟಕಿಯಲ್ಲಿ ತಾನೇ ಮಾಡಿದ ಕ್ಯಾಮೆರಾ ಇಟ್ಟು, ಕುದುರೆಗಾಡಿಗಳೂ ಜನರೂ ಸೇತುವೆ ದಾಟುವುದನ್ನು ಚಲಿಸುವ ಚಿತ್ರವಾಗಿ ಹಿಡಿದ. ಪ್ಯಾರಿಸ್ಸಿನಲ್ಲಿ ಲುಮಿಯೇರ್ ಸಹೋದರರು ಟಿಕೆಟ್ ಇಟ್ಟು ಸಿನಿಮಾ ತೋರಿಸಿದ್ದು 1895ರಲ್ಲಿ, ಅಂದರೆ ಏಳು ವರ್ಷ ಆಮೇಲೆ. ಲ ಪ್ರಿನ್ಸ್ ಸೇತುವೆಯನ್ನು ತೆಗೆದ ಅದೇ ತಿಂಗಳು ರೌಂಡ್‌ಹೇ ಎಂಬ ಬಡಾವಣೆಯ ತೋಟದಲ್ಲಿ ಮನೆಯವರನ್ನು ಸುತ್ತು ಹಾಕಿಸಿ ತೆಗೆದದ್ದೂ ಉಳಿದಿದೆ, ಎರಡು ಸೆಕೆಂಡಿನಷ್ಟು. ಅದರಲ್ಲಿ ನಡೆಯುವ ಅವನ ಅತ್ತೆ ಹತ್ತು ದಿನಕ್ಕೆ ತೀರಿಕೊಂಡರು. 1890ರ ಸೆಪ್ಟೆಂಬರಿನಲ್ಲಿ ದಿಜೋಂ ಊರಿನಿಂದ ಪ್ಯಾರಿಸ್ಸಿಗೆ ರೈಲು ಹತ್ತಿದ ಲ ಪ್ರಿನ್ಸ್ ಎಲ್ಲೂ ಇಳಿಯಲಿಲ್ಲ. ಮನುಷ್ಯನೂ ಸಿಗಲಿಲ್ಲ, ಪೆಟ್ಟಿಗೆಯೂ ಸಿಗಲಿಲ್ಲ. ಕಚೇರಿ ಮುಗಿಸಿ ಬರುವಾಗ ಆ ಸೇತುವೆಯ ಮೇಲೆ ಅವನ ಕೋನ ಹುಡುಕುತ್ತಾ ಎಷ್ಟೋ ಸಂಜೆ ನಿಂತಿದ್ದೇನೆ. ಕಿಟಕಿಯ ಎತ್ತರ ಬೇಕು, ರಸ್ತೆಯಿಂದ ಸಿಗುವುದಿಲ್ಲ. ನಾಲ್ಕನೇ ಚಿತ್ರ ಅದರ ಸೋಲು.

ಐದನೆಯದರ ಬಗ್ಗೆ ಹೇಳಲು ಸ್ವಲ್ಪ ಸಂಕೋಚ. ಸಾರ್ವಜನಿಕ ಜಾಗದಲ್ಲಿ ಯಾರ ಚಿತ್ರವನ್ನಾದರೂ ಕೇಳದೆ ತೆಗೆಯಲು ಇಲ್ಲಿ ಕಾನೂನು ಅಡ್ಡಿಯಿಲ್ಲ. ಆ ಧೈರ್ಯದಲ್ಲೇ, ಕಾಲುವೆಯ ದಂಡೆಯಲ್ಲಿ ಬರುತ್ತಾ, ಉದ್ದನೆಯ ಮನೆದೋಣಿಯ ತಲೆಯ ಮೇಲೆ ಮಂಡಿಯೂರಿ ಬಣ್ಣ ಬಳಿಯುತ್ತಿದ್ದ ಮುದುಕರೊಬ್ಬರನ್ನು ಹಿಂದಿನಿಂದ ತೆಗೆದೆ. ಶಟರಿನ ಸದ್ದಿಗೆ ತಿರುಗಿದರು. ಸಿಟ್ಟೇನಿಲ್ಲ. ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸುತ್ತಾ, “ಇದನ್ನು ಏನು ಮಾಡುತ್ತೀಯ?” ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಹೊಲ ಯಾರದು ಎಂದು ನೀವು ಕೇಳಿದಾಗಲಾದರೂ ಕಾಯ್ದೆ ಕೈಯಲ್ಲಿತ್ತು. ಬಾಯಿಗೆ ಬಂದದ್ದು, “ನಿಮಗೊಂದು ಪ್ರತಿ ತಂದುಕೊಡುತ್ತೇನೆ.” “ಹಾಗಾದರೆ ಮುಖವೂ ಇರಲಿ” ಎಂದು ನಕ್ಕು ಈ ಕಡೆ ತಿರುಗಿ ಕುಳಿತರು. ನೀವು ನೋಡುತ್ತಿರುವುದು ಅದು. ಹಿಂದಿನಿಂದ ತೆಗೆದದ್ದು ಇದರ ಮುಂದೆ ಏನೂ ಅಲ್ಲ.

ಪ್ರಿಂಟ್ ಹಾಕಿಸಿ ಮೂರು ವಾರ ಬಿಟ್ಟು ಹೋದರೆ ದೋಣಿ ಇಲ್ಲ. ಖಾಯಂ ತಂಗುದಾಣವಿಲ್ಲದ ದೋಣಿಗಳು ಒಂದೇ ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ ಎಂದು ಪಕ್ಕದ ದೋಣಿಯಾಕೆ ಹೇಳಿದರು. ಮತ್ತೆ ಆ 14! ಮುದುಕರು ಬಿಂಗ್ಲಿ ಎಂಬ ಊರಿನ ಕಡೆಗೆ ಹೊರಟರಂತೆ. ಲಿವರ್‌ಪೂಲ್‌ವರೆಗೆ ಹೋಗುವ 204 ಕಿಲೋಮೀಟರಿನ ಕಾಲುವೆ ಇದು. ಬಿಂಗ್ಲಿ ಇಲ್ಲಿಂದ 26 ಕಿಲೋಮೀಟರ್. ಅಲ್ಲಿ 1774ರಲ್ಲಿ ಕಟ್ಟಿದ ಐದು ಹಂತದ ನೀರಿನ ಮೆಟ್ಟಿಲಿದೆ, ದೋಣಿಗಳನ್ನು 18 ಮೀಟರ್ ಮೇಲಕ್ಕೆ ಏರಿಸುತ್ತದೆ. ದೋಣಿಗೆ ಗಂಟೆಗೆ ನಾಲ್ಕು ಮೈಲಿಯ ಮಿತಿ, ನನ್ನ ನಡಿಗೆ ಮೂರು ಮೈಲಿ. ಆದರೆ ಅವರು ಲಾಕು ಲಾಕಿಗೂ, ಅಂದರೆ ನೀರು ತುಂಬಿಸಿ ದೋಣಿ ಏರಿಸುವ ಒಂದೊಂದು ಗೇಟಿನ ತೊಟ್ಟಿಯಲ್ಲೂ, ನಿಂತು ನೀರು ತುಂಬುವುದನ್ನು ಕಾಯಬೇಕು, ಮೆಟ್ಟಿಲಿನಲ್ಲಿ ಸರದಿಯೂ ಇರುತ್ತದೆ. ಭಾನುವಾರ ಮೊದಲ ರೈಲಿಗೆ ಬಿಂಗ್ಲಿಗೆ ಹೋಗಿ, ಅಲ್ಲಿಂದ ಕಾಲುವೆಯ ಗುಂಟ ಈ ಕಡೆಗೆ ನಡೆಯುತ್ತಾ ಬರುತ್ತೇನೆ. ಹಸಿರು ದೋಣಿ, ಕೆಂಪು ಬಾಗಿಲು. ಸಿಕ್ಕರೆ ಫೋನು ಮಾಡುತ್ತೇನೆ.

ನಿಮ್ಮ ಮಗಳು