ಆಸಿಲೇಟರ್ ಶ್ರುತಿ ಸೇರ್ತು, ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು

ಹೋದ ಭಾನುವಾರ ಬೆಳಿಗ್ಗೆ ಹನುಮಂತನಗರದಲ್ಲಿ ನಮ್ಮ ಓನರ್ ಆಂಟಿ ಮನೆ ಹಾಲ್‌ನಲ್ಲಿ ಐದು ಮಕ್ಕಳು ಚಾಪೆ ಮೇಲೆ ಕೂತ್ಕೊಂಡು ಸರಳೆ ವರಸೆ ಹಾಡಿದ್ರು. ಶ್ರುತಿಗೆ ಇಟ್ಟಿದ್ದು ತಂಬೂರಿ ಅಲ್ಲ, ನಾನು ಏಳು ತಿಂಗಳು ಕೂತು ಕಟ್ಟಿದ ಆಸಿಲೇಟರ್, ಅಂದ್ರೆ ಕರೆಂಟಿಂದ ದನಿ ಹುಟ್ಟಿಸೋ ಸರ್ಕ್ಯೂಟ್. ಹತ್ತು ನಿಮಿಷ ಅಷ್ಟೇ, ಆಮೇಲೆ ಒಬ್ಬ ಹುಡುಗ ನಾಬ್ ತಿರುಗಿಸಿಬಿಟ್ಟ, ಶ್ರುತಿ ಎಲ್ಲೋ ಹೋಯ್ತು, ಎಲ್ಲರೂ ನಕ್ಕರು, ಕ್ಲಾಸ್ ಮುಗೀತು. ಆದ್ರೆ ಆ ಹತ್ತು ನಿಮಿಷದಲ್ಲಿ ಆಂಟಿ ಒಂದ್ಸಲಾನೂ ಮುಖ ಸಿಂಡರಿಸಲಿಲ್ಲ. ಅವರನ್ನ ಬಲ್ಲವರಿಗೆ ಇದು ಎಷ್ಟು ದೊಡ್ಡ ಸರ್ಟಿಫಿಕೇಟ್ ಅಂತ ಗೊತ್ತು.

ಹಾಗಾಗಿ ಇದು ಥ್ಯಾಂಕ್ಸ್ ಬರಹ, ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಹೋದ ಅಕ್ಟೋಬರ್‌ನಲ್ಲಿ ಕೆಲಸ ಹೋಯ್ತು. ಬೆಳಿಗ್ಗೆ ಹನ್ನೊಂದಕ್ಕೆ ಮೀಟಿಂಗ್ ಅಂದ್ರು, ಹನ್ನೊಂದೂಕಾಲಿಗೆ ಲ್ಯಾಪ್‌ಟಾಪ್ ಲಾಕ್ ಆಗಿತ್ತು. ಅದರ ಬಗ್ಗೆ ಹೆಚ್ಚು ಬರೆಯೋಕೆ ಇಷ್ಟ ಇಲ್ಲ, ಬೆಂಗಳೂರಲ್ಲಿ ಇದನ್ನ ಯಾರಿಗೂ ವಿವರಿಸೋ ಅಗತ್ಯಾನೂ ಇಲ್ಲ ಬಿಡಿ. ಮೊದಲ ಒಂದು ತಿಂಗಳು ರೆಸ್ಯೂಮೆ ಕಳಿಸೋದು, ಮಧ್ಯಾಹ್ನ ಮಲಗೋದು, ರಾತ್ರಿ ನಿದ್ದೆ ಬರದೆ ಎದ್ದು ಕೂರೋದು, ಇದೇ ಆಗಿತ್ತು. ಆಗ ನನ್ನ ಹೆಂಡ್ತಿನೇ ಅಟ್ಟದ ಮೇಲಿದ್ದ ಹಳೇ ಡಬ್ಬ ಇಳಿಸಿ, ಕಾಲೇಜಲ್ಲಿ ಏನೋ ಸಿಂಥಸೈಜರ್ ಅನ್ನೋ ಎಲೆಕ್ಟ್ರಾನಿಕ್ ವಾದ್ಯ ಮಾಡ್ತೀನಿ ಅಂತಿದ್ರಲ್ಲ ರೀ, ಈಗ ಮಾಡಿ, ಮನೇಲಿ ಸುಮ್ನೆ ಓಡಾಡಬೇಡಿ ಅಂದ್ಳು. ಅದರಲ್ಲಿ 25 ವ್ಯಾಟ್‌ದು ಸೋಲ್ಡರಿಂಗ್ ಐರನ್ ಇತ್ತು, ತುದಿ ಕರಿಕಟ್ಟಿತ್ತು. ಮೊದಲ ಥ್ಯಾಂಕ್ಸ್ ಅವಳಿಗೆ. ಅಲ್ಲಿಂದ ಆಚೆ ಮನೆ ನಡೆದಿದ್ದು ಅವಳ ಸಂಬಳದಲ್ಲಿ ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀನಿ.

ಗೊತ್ತಿಲ್ಲದವರಿಗೆ: ಮಾಡ್ಯುಲರ್ ಸಿಂಥ್ ಅಂದ್ರೆ ಒಂದೇ ಪೆಟ್ಟಿಗೆ ವಾದ್ಯ ಅಲ್ಲ, ಒಂದೊಂದು ಕೆಲಸಕ್ಕೆ ಒಂದೊಂದು ತುಂಡು, ಮಧ್ಯೆ ವೈರ್ ಚುಚ್ಚಿ ಜೋಡಿಸ್ಕೋಬೇಕು. ಆಸಿಲೇಟರ್ ಅಂದ್ರೆ ದನಿ ಹುಟ್ಟೋ ತುಂಡು. ಅಮೆರಿಕದ ಸಿಂಥ್ ಇಂಜಿನಿಯರ್ ರಾಬರ್ಟ್ ಮೂಗ್ 1964ರಲ್ಲಿ ಶುರು ಮಾಡಿದ ಕಾಲದಿಂದ ಬಂದಿರೋ ಲೆಕ್ಕ ಏನಂದ್ರೆ ಒಂದು ವೋಲ್ಟ್ ಜಾಸ್ತಿ ಕೊಟ್ರೆ ಒಂದು ಸ್ಥಾಯಿ ಮೇಲೆ ಹೋಗ್ಬೇಕು, ಕೆಳಗಿನ ಸ ಇಂದ ಮೇಲಿನ ಸ. ಅಂದ್ರೆ ಪ್ರತಿ ವೋಲ್ಟಿಗೂ ಫ್ರೀಕ್ವೆನ್ಸಿ ಡಬಲ್. 110 ಇದ್ದಿದ್ದು 220, ಆಮೇಲೆ 440, 880. ಈ ಡಬಲ್ ಆಗೋ ಕೆಲಸಾನ ಟ್ರಾನ್ಸಿಸ್ಟರ್ ತಾನಾಗೇ ಮಾಡುತ್ತೆ. ಅದರ ಬೇಸ್ ಅನ್ನೋ ಕಾಲಿಗೆ ಸುಮಾರು 18 ಮಿಲಿವೋಲ್ಟ್ ಜಾಸ್ತಿ ಕೊಟ್ರೆ (ಆ ಒಂದು ವೋಲ್ಟನ್ನ ರೆಸಿಸ್ಟರ್ ಹಾಕಿ ಇಷ್ಟಕ್ಕೆ ಇಳಿಸಿರ್ತೀವಿ) ಕರೆಂಟ್ ಎರಡರಷ್ಟಾಗುತ್ತೆ. ಆ ಕರೆಂಟ್ ಒಂದು ಕೆಪಾಸಿಟರ್ ತುಂಬುತ್ತೆ, ತುಂಬಿದ ತಕ್ಷಣ ಇನ್ನೊಂದು ಸರ್ಕ್ಯೂಟ್ ಅದನ್ನ ಖಾಲಿ ಮಾಡುತ್ತೆ, ಮತ್ತೆ ತುಂಬುತ್ತೆ. ಸ್ಕೋಪ್‌ನಲ್ಲಿ (ಅಲೆಯ ಚಿತ್ರ ತೋರಿಸೋ ಉಪಕರಣ) ನೋಡಿದ್ರೆ ಗರಗಸದ ಹಲ್ಲು. ಕೇಳೋಕೆ ಓಲಗದ ದೂರದ ಕಸಿನ್ ಥರ ಇರುತ್ತೆ.

ಎಲ್ಲಾ ಒಂದೇ ಚಿಪ್‌ನಲ್ಲಿರೋ ಐಸಿ ಸಿಗುತ್ತೆ, 3340 ಅಂತ, ಬಿಸಿಯ ಕಾಟಕ್ಕೂ ಅದರೊಳಗೇ ಮದ್ದು ಇದೆ. ಅದನ್ನ ಯಾಕೆ ತಗೋಳ್ಳಲಿಲ್ಲ ಅಂತ ಮೂರು ಜನ ಕೇಳಿದ್ರು. ಕೆಲಸ ಇಲ್ಲದವನಿಗೆ ಬೇಗ ಮುಗಿಯೋ ಪ್ರಾಜೆಕ್ಟ್ ಯಾಕೆ ಹೇಳಿ.

ಸಾಮಾನು ಎಲ್ಲಾ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್. ಅಲ್ಲಿ ಒಂದು ಅಂಗಡಿ ಅಣ್ಣ, ಹೆಸರು ಹಾಕ್ಬೇಡಿ ಅಂದಿದಾರೆ, ನಾನು BC547 ಅನ್ನೋ ಟ್ರಾನ್ಸಿಸ್ಟರ್ 50 ಕೇಳಿದಾಗ ಏನ್ ಸಾರ್ ಟೀವಿ ಫ್ಯಾಕ್ಟರಿನಾ ಅಂದ್ರು. ಎರಡು ಟ್ರಾನ್ಸಿಸ್ಟರ್ ಜೋಡಿ ಮ್ಯಾಚ್ ಆಗ್ಬೇಕು, ಅದಕ್ಕೆ 50 ಅಳೆದು ಎರಡು ಆರಿಸ್ಕೋಬೇಕು ಅಂತ ವಿವರಿಸಿದೆ, ಹೆಣ್ಣು ನೋಡೋದಕ್ಕಿಂತ ಕಷ್ಟ ಕಣ್ರೀ ಇದು ಅಂದ್ರು. ನಿಜಾನೇ. ಅಳೆಯುವಾಗ ಬೆರಳು ತಾಗಿದ್ರೆ ಸಾಕು, ಬಿಸಿಗೆ ಡಿಗ್ರಿಗೆ 2 ಮಿಲಿವೋಲ್ಟ್ ಬಿದ್ದುಹೋಗುತ್ತೆ, ನಾನು ಹುಡುಕ್ತಿದ್ದ ವ್ಯತ್ಯಾಸಾನೇ 1 ಮಿಲಿವೋಲ್ಟ್. ಚಿಮಟದಲ್ಲಿ ಹಿಡಿದು, ಫ್ಯಾನ್ ಆಫ್ ಮಾಡಿ, ಒಂದೊಂದಕ್ಕೂ ಐದು ನಿಮಿಷ ಕಾದು, ಎರಡು ರಾತ್ರಿ. ಅದೇ ಅಣ್ಣ ಗೋಡೌನ್‌ನಿಂದ ಹಳೇ ಸ್ಟೈರೋಫ್ಲೆಕ್ಸ್ ಕೆಪಾಸಿಟರ್ ಹುಡುಕಿ ಕೊಟ್ರು, ಬೆಳ್ಳಿ ಬಣ್ಣದ್ದು, ಧೂಳು ಹಿಡಿದಿತ್ತು, ಇದನ್ನ ಕೇಳಿ ಯಾರೂ ಬಂದಿಲ್ಲ ಸಾರ್ ಎಷ್ಟೋ ವರ್ಷ ಆಯ್ತು, ನಾಲ್ಕು ಇದೆ ನಾಲ್ಕೂ ತಗೊಂಡೋಗಿ ಅಂದ್ರು. ದುಡ್ಡು ತಗೊಳ್ಳಲಿಲ್ಲ. ಥ್ಯಾಂಕ್ಸ್ ಅಣ್ಣ.

ಡಿಸೆಂಬರ್‌ನಲ್ಲಿ ಮೊದಲ ದನಿ ಬಂತು. ಅದಕ್ಕೂ ಮುಂಚೆ ಪವರ್ ಕೇಬಲ್ ಉಲ್ಟಾ ಚುಚ್ಚಿ ಎರಡು ಟಿಎಲ್072 ಆಂಪ್ಲಿಫೈಯರ್ ಚಿಪ್ ಸುಟ್ಟೆ, ಪ್ಲಸ್ 12 ಜಾಗಕ್ಕೆ ಮೈನಸ್ 12. ಕೇಬಲ್‌ನ ಕೆಂಪು ಗೆರೆ ಮೈನಸ್ ಕಡೆ ಬರ್ಬೇಕಂತೆ ಈ ಯೂರೋರ‍್ಯಾಕ್ ಅನ್ನೋ ಮಾಡ್ಯುಲರ್ ಸಿಂಥ್ ಪದ್ಧತೀಲಿ. ಕೆಂಪು ಅಂದ್ರೆ ಪ್ಲಸ್ ಅಂತ ಹುಟ್ಟಿದಾಗಿಂದ ಕಲಿತವನಿಗೆ ಇದೆಂಥಾ ಅನ್ಯಾಯ.

ಆಮೇಲೆ ಶುರುವಾಯ್ತು ನೋಡಿ ನಿಜವಾದ ಗೋಳು. ಬೆಳಿಗ್ಗೆ ಫೋನ್‌ನಲ್ಲಿ ಟ್ಯೂನರ್ ಆ್ಯಪ್ ಇಟ್ಕೊಂಡು ಪ್ರಿಸೆಟ್ (ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸೋ ಪುಟ್ಟ ರೆಸಿಸ್ಟರ್) ತಿರುಗಿಸಿ ತಿರುಗಿಸಿ ಮೂರು ಸ್ಥಾಯಿ ಸರಿ ಮಾಡ್ತಿದ್ದೆ, ಊಟ ಮಾಡಿ ಬಂದು ನೋಡಿದ್ರೆ ಎಲ್ಲಾ ಹೋಗಿರ್ತಿತ್ತು, ಮತ್ತೆ ತಿರುಗಿಸ್ತಿದ್ದೆ, ರಾತ್ರಿ ಮತ್ತೆ ಹೋಗಿರ್ತಿತ್ತು. ಪ್ರಿಸೆಟ್ ಸರಿ ಇಲ್ಲ ಅಂದ್ಕೊಂಡು ಮೂರು ಸಲ ಬದಲಾಯಿಸಿದೆ. ಡ್ರೈ ಸೋಲ್ಡರ್, ಅಂದ್ರೆ ಸರಿಯಾಗಿ ಅಂಟದ ಬೆಸುಗೆ, ಇರ್ಬಹುದು ಅಂತ ಇಡೀ ಬೋರ್ಡ್ ಮತ್ತೆ ಕಾಯಿಸಿದೆ. ಜನವರಿ ಪೂರ್ತಿ ಹೀಗೇ ಹೋಯ್ತು, ಇಂಟರ್‌ವ್ಯೂಗಳೂ ಹೀಗೇ ಹೋಗ್ತಿದ್ವು, ಒಂದು ದಿನ ಬೋರ್ಡನ್ನ ತಗೊಂಡು ಕಸದ ಡಬ್ಬಕ್ಕೆ ಹಾಕೇಬಿಟ್ಟಿದ್ದೆ, ಒಣ ಕಸಕ್ಕೆ, ಅಷ್ಟು ವಿವೇಕ ಇತ್ತು. ಸಂಜೆ ವಾಪಸ್ ತೆಗೆದೆ.

ಕೆಳಗಡೆ ಮನೆ ಓನರ್ ಆಂಟಿಗೆ ಇದೆಲ್ಲಾ ಕೇಳಿಸ್ತಾನೇ ಇತ್ತು. ಅವರು ಮೂವತ್ತು ವರ್ಷದಿಂದ ಸಂಗೀತ ಹೇಳಿಕೊಡ್ತಿದಾರೆ. ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದ್ರು, ನಾನು ಗಲಾಟೆ ಅಂತ ಬೈಯೋಕೆ ಬಂದ್ರೇನೋ ಅಂತ ಎದ್ದು ನಿಂತೆ. ಅವರು ಹೇಳಿದ್ದು ಹೀಗೆ: "ಏನಪ್ಪಾ ನಿನ್ನ ಪೀಪಿ, ಬೆಳಿಗ್ಗೆ ಚೆನ್ನಾಗಿರುತ್ತೆ, ಬಿಸಿಲೇರಿದ್ಮೇಲೆ ಮೇಲಿನ ಸ ಇಳಿದುಹೋಗುತ್ತೆ. ಕೆಳಗಿನ ಸ ಅಲ್ಲೇ ಇರುತ್ತೆ ನೋಡು, ಮೇಲಿಂದು ಮಾತ್ರ. ಸಾಯಂಕಾಲ ಮತ್ತೆ ಸರಿ ಹೋಗುತ್ತೆ, ಅಷ್ಟೊತ್ತಿಗೆ ನೀನು ಕೆಡಿಸಿರ್ತೀಯ."

ನಾನು ಒಂದು ನಿಮಿಷ ಸುಮ್ನೆ ನಿಂತಿದ್ದೆ. ಒಂದು ತಿಂಗಳು ನಾನು ಆ್ಯಪ್‌ನಲ್ಲಿ ನಂಬರ್ ನೋಡಿದೀನಿ, ಗಡಿಯಾರ ನೋಡಿಲ್ಲ, ಥರ್ಮಾಮೀಟರ್ ನೋಡಿಲ್ಲ. ಆಂಟಿ ಅಡುಗೆ ಮನೇಲಿ ಬೇಳೆ ಬೇಯಿಸ್ತಾ ಕಂಡುಹಿಡಿದಿದ್ರು. ಕೆಳಗಿನ ಸ ನಿಂತಿದೆ ಮೇಲಿನದು ಮಾತ್ರ ಇಳಿದಿದೆ ಅಂದ್ರೆ ದನಿ ಜಾರ್ತಿಲ್ಲ, ಅಳತೆಗೋಲೇ ಕುಗ್ತಿದೆ. ನಾನು ಕಷ್ಟಪಟ್ಟು ಆರಿಸಿದ ಟ್ರಾನ್ಸಿಸ್ಟರ್ ಜೋಡಿ ತನ್ನ ಕೆಲಸ ಮಾಡಿತ್ತು, ಕೆಳಗಿನ ಸ ಅಲ್ಲಾಡದಿರೋದು ಅದರಿಂದಾನೇ. ಆದ್ರೆ ಆ 18 ಮಿಲಿವೋಲ್ಟ್ ಇದೆಯಲ್ಲ, ಅದು ಕಾಯಂ ಅಲ್ಲ. ಬಿಸಿ ಜೊತೆ ಏರುತ್ತೆ. ರೂಮಿನ 27 ಡಿಗ್ರಿ ಅಂದ್ರೆ ಸುಮಾರು 300 ಕೆಲ್ವಿನ್, ಅದರಲ್ಲಿ ಒಂದು ಡಿಗ್ರಿ ಅಂದ್ರೆ 300ರಲ್ಲಿ ಒಂದು ಪಾಲು, ಶೇಕಡ 0.33. ಜನವರಿ ಬೆಳಿಗ್ಗೆ 17 ಡಿಗ್ರಿ, ಮಧ್ಯಾಹ್ನ 27. ಹತ್ತು ಡಿಗ್ರಿಗೆ ಒಂದು ಸ್ಥಾಯಿ ಮೇಲೆ ಸುಮಾರು 40 ಸೆಂಟ್ ಇಳಿಯುತ್ತೆ, 100 ಸೆಂಟ್ ಅಂದ್ರೆ ಒಂದು ಸ್ವರಸ್ಥಾನ. ಮೂರು ಸ್ಥಾಯಿ ಮೇಲೆ ಒಂದು ಸ್ವರಸ್ಥಾನಾನೇ ದಾಟಿ ಹೋಗುತ್ತೆ. ಸ ಬದಲು ನಿ.

(1969ರಲ್ಲೇ ಅಹಮದಾಬಾದಿನ ಡಿಸೈನ್ ಕಾಲೇಜು ಎನ್‌ಐಡಿಗೆ ಒಂದು ಮೂಗ್ ಸಿಂಥ್ ಬಂದಿತ್ತು, ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಹಾಕಿಕೊಟ್ಟಿದ್ರು. ಅಹಮದಾಬಾದಿನ ಮೇ ತಿಂಗಳಲ್ಲಿ ಅದನ್ನ ಶ್ರುತಿ ಮಾಡ್ತಿದ್ದವರನ್ನ ನೆನೆಸ್ಕೊಂಡು ಆವತ್ತು ಮನಸಲ್ಲೇ ಕೈ ಮುಗಿದೆ.)

ಇದಕ್ಕೆ ಮದ್ದು ಟೆಂಪ್ಕೋ ರೆಸಿಸ್ಟರ್, ಬಿಸಿಗೆ ಸರಿಯಾಗಿ ಡಿಗ್ರಿಗೆ 0.33 ಪರ್ಸೆಂಟ್ ಏರೋದು, ಅಲ್ಲಿಗಲ್ಲಿಗೆ ಸರಿ ಹೋಗುತ್ತೆ. ಎಸ್‌ಪಿ ರೋಡ್ ಪೂರ್ತಿ ಸುತ್ತಿದೆ, ಸಿಗಲಿಲ್ಲ. ಹೊರದೇಶದಿಂದ ತರಿಸಿದ್ರೆ ರೆಸಿಸ್ಟರ್‌ಗಿಂತ ಶಿಪ್ಪಿಂಗ್ ಹತ್ತು ಪಟ್ಟು, ಸಂಬಳ ಬೇರೆ ಇಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಇದನ್ನೇ ಗೊಣಗ್ತಿದ್ದೆ. ನಮ್ಮಪ್ಪ ಮೈಸೂರು ರೋಡ್‌ನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದವರು, ಈಗ ಕೈ ನಡುಗುತ್ತೆ ಅಂತ ಬಿಟ್ಟಿದಾರೆ, ನಾನು ಇಂಜಿನಿಯರ್ ಆದ್ಮೇಲೆ ನಮ್ಮಿಬ್ಬರ ಮಧ್ಯೆ ಕೆಲಸದ ಮಾತು ನಿಂತೇ ಹೋಗಿತ್ತು. ಅವರು ತಟ್ಟೆಯಿಂದ ತಲೆ ಎತ್ತದೇನೇ ಅಂದ್ರು, "ಅದಕ್ಯಾಕೋ ಫಾರಿನ್ನು. ತಾಮ್ರ ಕಾದ್ರೆ ಓಮ್ಸ್ ಏರಲ್ವಾ. ಓಡಿದ ಮೋಟರ್ ಎಷ್ಟು ಕಾದಿದೆ ಅಂತ ನಾವು ಓಮ್ಸ್ ಅಳೆದೇ ಹೇಳ್ತಿದ್ವಿ."

ತಾಮ್ರ ಡಿಗ್ರಿಗೆ ಸುಮಾರು 0.39 ಪರ್ಸೆಂಟ್ ಏರುತ್ತೆ. ನನಗೆ ಬೇಕಿದ್ದಿದ್ದು 0.33. ಹಾಲಿಗೆ ನೀರು ಬೆರೆಸಿದ ಹಾಗೆ, ಏರದೇ ಇರೋ ಮಾಮೂಲಿ ರೆಸಿಸ್ಟರ್ ಸ್ವಲ್ಪ ಸೇರಿಸಿದ್ರೆ ಇಳಿಯುತ್ತೆ. ಆದ್ರೆ ನೂರಾರು ಓಮ್ಸ್ ಆಗ್ಬೇಕು ಅಂದ್ರೆ ಎಷ್ಟು ಮೀಟರ್ ತಂತಿ ಸುತ್ತೋದು ಅಂದೆ. ಅಪ್ಪ ಎದ್ದು ಹೋಗಿ ಕೈ ತೊಳೆದು, ಮಂಚದ ಕೆಳಗಿನ ಟ್ರಂಕ್‌ನಿಂದ ಒಂದು ಹಳೇ 12 ವೋಲ್ಟ್ ರಿಲೇ (ಕರೆಂಟ್ ಕೊಟ್ರೆ ಟಕ್ ಅನ್ನೋ ಸ್ವಿಚ್ಚು, ಒಳಗೆ ತಾಮ್ರದ ಸುರುಳಿ) ತಂದು ತಟ್ಟೆ ಪಕ್ಕ ಇಟ್ರು. ಸುತ್ತಿಯೇ ಇದೆಯಲ್ಲೋ ಅಂದ್ರು. ಮೀಟರ್ ಇಟ್ಟೆ: 400 ಓಮ್ಸ್. ಜೊತೆಗೆ 68 ಓಮ್ಸ್ ಹಾಕಿದ್ರೆ ಲೆಕ್ಕ ಕರೆಕ್ಟ್ 0.33. ನನಗೆ ಅನ್ನ ಇಳೀಲಿಲ್ಲ ಅವತ್ತು, ಖುಷಿಗೆ.

ಈಗ ಆ ರಿಲೇ ಆಸಿಲೇಟರ್ ಬೋರ್ಡ್ ಮಧ್ಯೆ ಕೂತಿದೆ, ಅದರ ಕಾಯಿಲ್‌ಗೆ ಎರಡೂ ಟ್ರಾನ್ಸಿಸ್ಟರ್ ಅಂಟಿಸಿ, ಹೀಟ್‌ಸಿಂಕ್ ಪೇಸ್ಟ್ ಹಚ್ಚಿ, ಮೇಲೆ ವೈಂಡಿಂಗ್‌ನವರು ಕಟ್ಟೋ ಬಿಳಿ ದಾರ ಸುತ್ತಿದೆ. ದಾರ ಕಟ್ಟಿದ್ದು ಅಪ್ಪನೇ, ಕೈ ನಡುಗಿದ್ರೂ ಗಂಟು ಮಾತ್ರ ಅಲ್ಲಾಡಲ್ಲ. ರಿಲೇಗೆ ರಿಲೇ ಕೆಲಸ ಏನೂ ಇಲ್ಲ, ಟಕ್ ಅನ್ನಲ್ಲ, ಸುಮ್ನೆ ತಾಮ್ರ ಆಗಿ ಕೂತಿದೆ. ನೋಡೋಕೆ ಕೆಟ್ಟದಾಗಿದೆ. ಏಪ್ರಿಲ್‌ನಲ್ಲಿ 34 ಡಿಗ್ರಿ ಇದ್ದ ಮಧ್ಯಾಹ್ನ ಬೋರ್ಡನ್ನ ಟೆರೇಸ್ ರೂಮಲ್ಲಿ, ಶೀಟ್ ಕೆಳಗೆ, ಎರಡು ಗಂಟೆ ಇಟ್ಟು ಚೆಕ್ ಮಾಡಿದೆ, ಮೂರು ಸ್ಥಾಯಿ ಮೇಲೆ 6 ಸೆಂಟ್ ಹೋಗಿತ್ತು. ಅಪ್ಪ ಆರೇನಾ ಅಂದ್ರು, ಇನ್ನೂ ಇಳಿಸ್ಬಹುದು ಅನ್ನೋ ಥರ.

ಇನ್ನು ಉಳಿದವರು. ಹಳೇ ಆಫೀಸಿನ ಗೆಳೆಯ ನಾಲ್ಕು ತಿಂಗಳು ಸ್ಕೋಪ್ ಕೊಟ್ಟು ಒಂದ್ಸಲಾನೂ ವಾಪಸ್ ಕೇಳಲಿಲ್ಲ, ಮಗಾ ನಾಳೆ ತಂದುಕೊಡ್ತೀನಿ, ಪ್ರಾಮಿಸ್. ಪೀಣ್ಯದಲ್ಲಿ ಲೇಸರ್ ಕಟಿಂಗ್ ಮಾಡೋ ಅಣ್ಣ, ಒಂದು ಪೀಸ್ ಎಲ್ಲಾ ಮಾಡಲ್ಲ ಸಾರ್ ಅಂತ ಬೈದು, ಆಮೇಲೆ ಬೇರೆಯವರ ಆರ್ಡರ್‌ನಲ್ಲಿ ಉಳಿದ ಅಲ್ಯುಮಿನಿಯಂ ತುಂಡಲ್ಲೇ 128.5 ಮಿಲಿಮೀಟರ್ ಎತ್ತರದ ಪ್ಯಾನೆಲ್ ಕೊರೆದುಕೊಟ್ರು. ವೈರ್ ಚುಚ್ಚೋ ಇಪಿ ಸಾಕೆಟ್‌ನ ಒಂದು ತೂತು ಸೊಟ್ಟ ಇದೆ, ಅದು ನನ್ನ ಡ್ರಾಯಿಂಗ್ ತಪ್ಪು, ಅವರದಲ್ಲ.

ಕೆಲಸಾನೂ ಸಿಕ್ಕಿದೆ, ಎರಡು ವಾರ ಆಯ್ತು ಸೇರಿ. ಇಂಟರ್‌ವ್ಯೂನಲ್ಲಿ ಗ್ಯಾಪ್ ಯಾಕೆ ಅಂತ ಕೇಳಿದ್ರು, ರಿಲೇ ಕಥೆ ಹೇಳಿದೆ, ಇಪ್ಪತ್ತು ನಿಮಿಷ ಅದರ ಬಗ್ಗೇನೇ ಮಾತಾಡಿದ್ರು.

ಆಂಟಿ, ನಿಮಗೆ ಎಷ್ಟು ಹೇಳಿದ್ರೂ ಸಾಲದು. ಭಾನುವಾರ ಮಕ್ಕಳೆಲ್ಲಾ ಹೋದ್ಮೇಲೆ ಆಂಟಿ ತಮ್ಮ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿ ಆನ್ ಮಾಡಿ, ಐದೂವರೆ ಶ್ರುತಿಗೆ, ಅದರ ಜೊತೆ ನಿನ್ನದರಲ್ಲಿ ಪ ನುಡಿಸು ಅಂದ್ರು. ಕೀಬೋರ್ಡಿಂದ ಕೊಟ್ಟೆ. ಕಣ್ಣು ಮುಚ್ಚಿ ಕೇಳಿ, ಒಂದ್ ಕೂದಲು ಇಳಿದಿದೆ ಅಂದ್ರು. ಮನೆಗೆ ಬಂದು ಲೆಕ್ಕ ಹಾಕಿದೆ. ಕೀಬೋರ್ಡ್ ಸ್ಥಾಯಿಯನ್ನ ಹನ್ನೆರಡು ಸಮಪಾಲು ಮಾಡಿ ಪ ಗೆ 0.583 ವೋಲ್ಟ್ ಕೊಡುತ್ತೆ, ಸ ಗೆ ಸರಿಯಾಗಿ ಒಂದೂವರೆ ಪಟ್ಟು ಇರೋ ತಂಬೂರಿಯ ಪ ಗೆ 0.585 ಬೇಕು. ವ್ಯತ್ಯಾಸ ಎರಡು ಮಿಲಿವೋಲ್ಟ್ ಕೂಡ ಇಲ್ಲ, ಎರಡು ಸೆಂಟ್. ಅದಕ್ಕೆ ಇನ್ನೊಂದು ಪ್ರಿಸೆಟ್ ಹಾಕ್ಬೇಕು ಈಗ.

ಅಪ್ಪನಿಗೆ ಥ್ಯಾಂಕ್ಸ್ ಅಂತ ಬಾಯಲ್ಲಿ ಹೇಳಿದ್ರೆ ಹುಚ್ಚು ಹಿಡಿದಿದೆಯಾ ಅಂತಾರೆ, ಅದಕ್ಕೆ ಇಲ್ಲಿ ಬರೀತಿದೀನಿ, ನನ್ನ ಹೆಂಡ್ತಿ ಓದಿ ಹೇಳ್ತಾಳೆ. ಟ್ರಂಕ್‌ನಿಂದ ಇನ್ನೂ ಮೂರು ರಿಲೇ ತೆಗೆದು, ಒರೆಸಿ, ನನ್ನ ಟೇಬಲ್ ಮೇಲೆ ಸಾಲಾಗಿ ಇಟ್ಟಿದಾರೆ. ಒಂದು 24 ವೋಲ್ಟ್‌ದು, ಅದನ್ನ ಇನ್ನೂ ಅಳೆದಿಲ್ಲ.