ಚರ್ಚಿನ ಕೆಲಸಕ್ಕೆ ಅರ್ಜಿ: ಪತ್ರದಲ್ಲಿ ಎಂತ ಬರೆಯಬೇಕು?

ಮಾನ್ಯ ಸಂಪಾದಕರೇ,

ನಿಮ್ಮ ಉದ್ಯೋಗ ಪುಟದಲ್ಲಿ ಕವರ್ ಲೆಟರ್, ಅಂದರೆ ಕೆಲಸದ ಅರ್ಜಿಯ ಜೊತೆ ಇಡುವ ಪತ್ರದ ಬಗ್ಗೆ ಬಂದ ಲೇಖನ ಓದಿದೆ. ಬ್ಯಾಂಕಿಗೋ ಐಟಿ ಕಂಪನಿಗೋ ಅರ್ಜಿ ಹಾಕುವ ಮಕ್ಕಳಿಗೆ ಅದು ಉಪಯೋಗಕ್ಕೆ ಬಂದೀತು. ಆದರೆ ಚರ್ಚಿನ ಕೆಲಸಕ್ಕೆ ಹೊರಟವರೂ ತಮ್ಮನ್ನು ತಾವೇ ಹೊಗಳಿಕೊಳ್ಳುವ ಅದೇ ಧಾಟಿ ಹಿಡಿದಿದ್ದಾರೆ. ಅದಕ್ಕೇ ಈ ಪತ್ರ.

ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಚರ್ಚು) ಸಭೆಯವಳು, ನಿವೃತ್ತ ಶಿಕ್ಷಕಿ. ಈಚೆಗೆ ಇಲ್ಲಿನ ಒಂದು ಆಸ್ಪತ್ರೆಗೆ ಚಾಪ್ಲಿನ್ ಆರಿಸುವ ಸಮಿತಿಯಲ್ಲಿ ನನ್ನನ್ನೂ ಕೂರಿಸಿದ್ದರು. ಚಾಪ್ಲಿನ್ ಅಂದರೆ ವಾರ್ಡುಗಳಲ್ಲಿ ರೋಗಿಗಳ ಪಕ್ಕ ಕೂತು ಮಾತಾಡಿಸುವವರು, ಬೇಕೆಂದವರಿಗೆ ಪ್ರಾರ್ಥನೆ ಮಾಡುವವರು. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಅಚ್ಚಿನವು. ಎಲ್ಲರೂ ‘ದೇವರು ನನ್ನನ್ನು ಈ ಸೇವೆಗೆ ಕರೆದಿದ್ದಾರೆ’ ಎಂದೇ ಶುರು ಮಾಡುತ್ತಾರೆ. ಸರಿ, ಕರೆದರು. ಎಲ್ಲಿದ್ದಾಗ ಕರೆದರು, ಆಮೇಲೆ ನೀವು ಎಂತ ಮಾಡಿದಿರಿ? ಅದು ಮಾತ್ರ ಇಲ್ಲ. ಅದರ ಬದಲು ನಾಯಕತ್ವ, ದರ್ಶನ, ಉತ್ಸಾಹ ಅಂತ ದೊಡ್ಡ ದೊಡ್ಡ ಇಂಗ್ಲಿಷ್ ಮಾತುಗಳು.

ಒಬ್ಬರಂತೂ ‘ಪಾಸ್ಟರ್ ಸರ್ಚ್ ಕಮಿಟಿಯ ಅಧ್ಯಕ್ಷರಿಗೆ’ ಅಂತ ಬರೆದಿದ್ದರು. ಅದು ಅಮೆರಿಕದ ಮಾದರಿ. ಅಲ್ಲಿ ಎಷ್ಟೋ ಕಡೆ, ಮುಖ್ಯವಾಗಿ ಬ್ಯಾಪ್ಟಿಸ್ಟ್ ಚರ್ಚುಗಳಲ್ಲಿ, ಸಭೆಯವರೇ ಸಮಿತಿ ಮಾಡಿಕೊಂಡು ಪಾಸ್ಟರನ್ನು ಹುಡುಕುತ್ತಾರೆ. ಗುರುತಿಲ್ಲದ ಊರಿನವರಿಗೆ ಬರೆಯುವಾಗ ಸ್ವಲ್ಪ ಹೊಗಳಿಕೊಳ್ಳಬೇಕಾಗುತ್ತದೋ ಏನೋ. ನಮ್ಮ ಸಿಎಸ್‌ಐನಲ್ಲಿ ಯಾವ ಅಯ್ಯನವರು (ಪಾಸ್ಟರು) ಯಾವ ಸಭೆಗೆ ಅನ್ನುವುದು ಡಯಾಸಿಸ್, ಅಂದರೆ ಒಬ್ಬ ಬಿಷಪರ ಕೈಕೆಳಗಿನ ಪ್ರಾಂತ್ಯದ ಮಟ್ಟದಲ್ಲಿ ತೀರ್ಮಾನವಾಗುತ್ತದೆ. ಕ್ಯಾಥೋಲಿಕ್ ಗುರುಗಳನ್ನೂ ಬಿಷಪರೇ ನೇಮಿಸುತ್ತಾರೆ. ನಮ್ಮಲ್ಲಿ ಇಂಥ ಪತ್ರ ಬೇಕಾಗುವುದು ಥಿಯಾಲಜಿ (ದೇವಶಾಸ್ತ್ರ) ಓದಲು ಹೊರಟವರಿಗೆ, ಆಸ್ಪತ್ರೆ, ಹಾಸ್ಟೆಲ್, ಯುವಜನರ ಕೆಲಸಕ್ಕೆ ಸೇರುವವರಿಗೆ. ಅವರ ಪತ್ರ ಓದುವವರು ನಮ್ಮಂಥ ಊರಿನ ಜನ.

ಹಾಗಾದರೆ ಎಂತ ಬರೆಯಬೇಕು? ನನ್ನ ಮಟ್ಟಿಗೆ ಮೊದಲು ಬೇಕಾದದ್ದು ಭಾಷೆ. ಮಂಗಳೂರಿನ ಒಂದು ವಾರ್ಡಿನಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ ಎಲ್ಲ ಕೇಳುತ್ತದೆ. ನೋವಿನಲ್ಲಿ ನರಳುವ ಅಜ್ಜಿ ತುಳುವಿನಲ್ಲೇ ನರಳುತ್ತಾಳೆ, ಅಲ್ವಾ? ನಿಮಗೆ ತುಳು ಬರುತ್ತದೋ ಇಲ್ಲವೋ ಅನ್ನುವ ಒಂದು ಸಾಲು ನಮಗೆ ನಿಮ್ಮ ‘ದರ್ಶನ’ಕ್ಕಿಂತ ಮುಖ್ಯ. ಆಮೇಲೆ ದೀಕ್ಷೆ, ಅಂದರೆ ಚರ್ಚು ವಿಧಿಪೂರ್ವಕವಾಗಿ ಪಾಸ್ಟರ್ ಪದವಿ ಕೊಡುವುದು. ಬಿ.ಡಿ. ಎಂಬ ಥಿಯಾಲಜಿ ಪದವಿ ಮುಗಿದಿದೆ ಅಂತ ಎಲ್ಲರೂ ಬರೆಯುತ್ತಾರೆ, ದೀಕ್ಷೆ ಆಗಿದೆಯೋ ಇಲ್ಲವೋ ಹೇಳುವುದಿಲ್ಲ. ಪದವಿ ಇದ್ದರೂ ದೀಕ್ಷೆ ಆಗದವರು ಹಾಸಿಗೆ ಹಿಡಿದವರಿಗೆ ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ) ನಡೆಸಿಕೊಡುವ ಹಾಗಿಲ್ಲ. ಅದಕ್ಕೆ ಬೇರೆ ಅಯ್ಯನವರನ್ನು ಕರೆಸಬೇಕು. ದೀಕ್ಷೆ ಆಗಿಲ್ಲ ಅಂದರೆ ಕೆಲಸ ಕೊಡುವುದಿಲ್ಲ ಅಂತಲ್ಲ. ಗೊತ್ತಿದ್ದರೆ ಏರ್ಪಾಡು ಮಾಡಬಹುದು, ಅಷ್ಟೇ.

ಒಬ್ಬ ಹೆಣ್ಣುಮಗಳು ತಾನು ಹೆಣ್ಣಾದರೂ ಈ ಕೆಲಸ ಮಾಡಬಲ್ಲೆ ಅಂತ ಹೇಳುವುದರಲ್ಲೇ ಅರ್ಧ ಪತ್ರ ಕಳೆದಿದ್ದಳು. ಓದಿ ಬೇಜಾರಾಯಿತು. ಸಿಎಸ್‌ಐನಲ್ಲಿ 1976ರಲ್ಲೇ ಹೆಂಗಸರಿಗೆ ದೀಕ್ಷೆ ಕೊಡಲು ಶುರು ಮಾಡಿದರು. 2013ರಲ್ಲಿ ಪುಷ್ಪಾ ಲಲಿತಾ ಎಂಬ ಹೆಂಗಸೇ ಆಂಧ್ರದ ನಂದ್ಯಾಲದ ಬಿಷಪ್ ಆದರು. ಆ ಅರ್ಧ ಪುಟದಲ್ಲಿ ಹೆರಿಗೆ ವಾರ್ಡಿನಲ್ಲಿ ತಾನು ಮಾಡಿದ ಕೆಲಸವನ್ನು ಬರೆಯಬಹುದಿತ್ತು. ಅದನ್ನು ಆಕೆ ಸಂದರ್ಶನದಲ್ಲಿ ಹೇಳಿದಳು, ಚೆನ್ನಾಗಿಯೇ ಹೇಳಿದಳು.

ನನಗೆ ಹಿಡಿಸಿದ ಪತ್ರ ಕುಂದಾಪುರ ಕಡೆಯ ಹುಡುಗನದ್ದು. ರೂಲ್ ಹಾಳೆಯಲ್ಲಿ, ಕನ್ನಡದಲ್ಲಿ, ಕೈಬರಹ. ಅವನ ಅಪ್ಪನಿಗೆ ಡಯಾಲಿಸಿಸ್ ಆಗುತ್ತಿತ್ತಂತೆ. ಅಲ್ಲಿ ಕಾಯುತ್ತಾ ಅಕ್ಕಪಕ್ಕದ ಹಾಸಿಗೆಯವರ ಪರಿಚಯವಾಯಿತು. ‘ಮೊದಲು ಹೆಸರು, ಊರು ಕೇಳುತ್ತೇನೆ. ಪ್ರಾರ್ಥನೆ ಮಾಡಲಾ ಅಂತ ಕೇಳುತ್ತೇನೆ. ಬೇಡ ಅಂದರೆ ಸುಮ್ನೆ ಕೂರುತ್ತೇನೆ. ಕೆಲವರಿಗೆ ಮಾತೇ ಬೇಡ, ನೀರಿನ ಬಾಟಲಿ ತುಂಬಿಸಿಕೊಟ್ಟರೆ ಸಾಕು’ ಅಂತ ಬರೆದಿದ್ದ. ಇಡೀ ಪತ್ರ ಒಂದು ಪುಟ ದಾಟಿರಲಿಲ್ಲ. ಸಮಿತಿಯಲ್ಲಿ ಒಬ್ಬರು, ಇಂಗ್ಲಿಷ್ ಬಾರದವನನ್ನು ಡಾಕ್ಟರುಗಳ ಮಧ್ಯೆ ಹೇಗೆ ನಿಲ್ಲಿಸುವುದು ಅಂತ ಪತ್ರವನ್ನು ಪಕ್ಕಕ್ಕಿಟ್ಟರು. ನಾನು ಮತ್ತೆ ಎತ್ತಿ ಮೇಲಿಟ್ಟೆ. ಡಾಕ್ಟರುಗಳಿಗೂ ಕನ್ನಡ ಬರುತ್ತದೆ ಮಾರಾಯ್ರೆ.

ಇದೇನೂ ಹೊಸ ಪದ್ಧತಿಯಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನಲ್ಲಿದ್ದ ತಮ್ಮ ಮಿಷನರಿ ಶಾಲೆಗೆ ಸೇರಬೇಕೆಂದ ಅಲ್ಲಿನ ಹುಡುಗರಿಂದ ಅವರವರ ಬದುಕಿನ ಕತೆಯನ್ನೇ ಬರೆಸಿಕೊಳ್ಳುತ್ತಿದ್ದರು. ಅವರಲ್ಲಿ ಹಳ್ಳಿಯ ರೈತರ, ಕಸುಬುದಾರರ ಮಕ್ಕಳೇ ಜಾಸ್ತಿ. ಇನ್ನೂ ಹಿಂದೆ ಹೋದರೆ, ಬೈಬಲಿನಲ್ಲಿ ಅಪೊಸ್ತಲ ಪೌಲನು ರೋಮಿನ ಸಭೆಗೆ ಫೊಯಿಬೆ ಎಂಬ ಹೆಂಗಸಿನ ಬಗ್ಗೆ ಬರೆದ ಶಿಫಾರಸು ಎರಡೇ ವಚನ. ಯಾವ ಊರಿನ ಸಭೆಯವಳು, ಯಾರಿಗೆ ನೆರವಾಗಿದ್ದಾಳೆ, ನೀವು ಅವಳಿಗೆ ಎಂತ ಮಾಡಬೇಕು, ಮುಗಿಯಿತು.

ತಪ್ಪೆಲ್ಲ ಅರ್ಜಿ ಹಾಕುವವರ ಮೇಲೆ ಹೊರಿಸುವುದೂ ಸರಿಯಲ್ಲ. ನಮ್ಮ ಜಾಹೀರಾತು ಇಂಗ್ಲಿಷಿನಲ್ಲಿತ್ತು. ಸಂಬಳ ಎಷ್ಟು, ಇರಲು ಮನೆ ಉಂಟೋ ಇಲ್ಲವೋ, ಒಂದೂ ಅದರಲ್ಲಿರಲಿಲ್ಲ. ಸೇವೆಗೆ ಬರುವವರು ಸಂಬಳ ಕೇಳಬಾರದು ಅನ್ನುವ ಹಳೇ ನಾಚಿಕೆ. ಅವರಿಗೂ ಮಕ್ಕಳ ಫೀಸು ಕಟ್ಟಲಿಕ್ಕಿಲ್ಲವೇ? ಆಯ್ಕೆಯಾಗದವರಿಗೆ ಇವತ್ತಿನವರೆಗೂ ಒಂದು ಸಾಲಿನ ಉತ್ತರ ಹೋಗಿಲ್ಲ. ಅವರಲ್ಲೊಬ್ಬನ ತಾಯಿ ಭಾನುವಾರ ಆರಾಧನೆ ಮುಗಿದ ಮೇಲೆ ನನ್ನನ್ನು ನಿಲ್ಲಿಸಿ ಕೇಳಿದರು. ಎಲ್ಲರಿಗೂ ಉತ್ತರ ಹಾಕಬೇಕು, ಮುಂದಿನ ಜಾಹೀರಾತು ಕನ್ನಡದಲ್ಲೂ ಬರಬೇಕು, ಸಂಬಳ ನಮೂದಿಸಬೇಕು ಅಂತ ಸಮಿತಿಗೆ ಬರೆದುಕೊಟ್ಟಿದ್ದೇನೆ. ಬೇರೆ ಸಂಸ್ಥೆಗಳ ಸಮಿತಿಯವರೂ ನಿಮ್ಮ ಪತ್ರಿಕೆ ಓದುತ್ತಾರೆ. ಅವರ ಕಣ್ಣಿಗೂ ಇದು ಬೀಳಲಿ.

— ಒಬ್ಬ ನಿವೃತ್ತ ಶಿಕ್ಷಕಿ, ಮಂಗಳೂರು