ಭಾನುವಾರ ಬರುವ ಮೊದಲು ವಿಮ್‌ಗೆ ಬಣ್ಣ ಹಾಕಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಉಡುಪಿಯಲ್ಲಿ ಸೇರಿದಾಗ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಶುರು ಮಾಡುತ್ತೇವೆ. ಅಷ್ಟರೊಳಗೆ ನಿಮ್ಮ ಲ್ಯಾಪ್‌ಟಾಪ್‌ನ ವಿಮ್‌ನಲ್ಲಿ (ಕೋಡ್ ಬರೆಯುವ ಎಡಿಟರ್) ಸಿಂಟ್ಯಾಕ್ಸ್ ಹೈಲೈಟಿಂಗ್, ಅಂದರೆ ಕೋಡ್‌ನ ಭಾಗಗಳನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸುವುದು, ಆನ್ ಮಾಡಿಕೊಂಡು ಬನ್ನಿ.

ಇದು ಸುಮ್ನೆ ಚಂದಕ್ಕೆ ಅಲ್ಲ. ಪೈಥಾನ್‌ನಲ್ಲಿ ಒಂದು ಕೋಟ್ ಮುಚ್ಚಲು ಮರೆತರೆ ಕೆಳಗಿನ ಸಾಲುಗಳೂ ಸ್ಟ್ರಿಂಗ್‌ನ (ಕೋಟ್ ಒಳಗಿನ ಪಠ್ಯ) ಬಣ್ಣಕ್ಕೆ ತಿರುಗುತ್ತವೆ. ಪ್ರೋಗ್ರಾಂ ಓಡಿಸುವ ಮೊದಲೇ ತಪ್ಪು ಕಣ್ಣಿಗೆ ಬೀಳುತ್ತದೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ.

ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಇರುವವರು ಗಮನಿಸಿ. ಅದರಲ್ಲಿ ಸಾಮಾನ್ಯವಾಗಿ ಮೊದಲೇ ಇರುವುದು ವಿಮ್‌ನ ಟೈನಿ (ಕಿರು) ಆವೃತ್ತಿ. ಅದಕ್ಕೆ ಹೈಲೈಟಿಂಗ್ ಬರುವುದೇ ಇಲ್ಲ, ಸೆಟ್ಟಿಂಗ್ ಎಷ್ಟು ತಿದ್ದಿದರೂ ಅಷ್ಟೇ. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) 'ಸುಡೊ ಎಪಿಟಿ ಇನ್‌ಸ್ಟಾಲ್ ವಿಮ್' ಕೊಟ್ಟು ಪೂರ್ತಿ ವಿಮ್ ಹಾಕಿಕೊಳ್ಳಿ.

ಆಮೇಲೆ ಹೋಮ್ ಫೋಲ್ಡರಿನಲ್ಲಿ 'ಡಾಟ್ ವಿಮ್‌ಆರ್‌ಸಿ' ಫೈಲ್ (ವಿಮ್‌ನ ಸೆಟ್ಟಿಂಗ್ ಇರುವುದು ಇದರಲ್ಲೇ) ತೆರೆದು 'ಸಿಂಟ್ಯಾಕ್ಸ್ ಆನ್' ಎಂದು ಬರೆಯಿರಿ. ಎಲ್ಲವೂ ಇಂಗ್ಲಿಷ್ ಸಣ್ಣಕ್ಷರದಲ್ಲಿ ಇರಲಿ. ಕಪ್ಪು ಟರ್ಮಿನಲ್‌ನಲ್ಲಿ ಕಾಮೆಂಟ್‌ಗಳು (ಕೋಡ್‌ನಲ್ಲಿ ಬರೆಯುವ ಟಿಪ್ಪಣಿಗಳು) ಕಡುನೀಲಿಯಾಗಿ ಓದಲು ಕಷ್ಟವಾದರೆ, ಕೆಳಗೆ 'ಸೆಟ್ ಬ್ಯಾಕ್‌ಗ್ರೌಂಡ್=ಡಾರ್ಕ್' ಸೇರಿಸಿ. ಈಕ್ವಲ್ ಚಿಹ್ನೆಯ ನಂತರ ಸ್ಪೇಸ್ ಬೇಡ, ಎರರ್ ಬರುತ್ತದೆ. ನಿಮ್ಮ ಪೈಥಾನ್ ಫೈಲ್ ಹೆಸರಿನ ಕೊನೆಗೆ 'ಡಾಟ್ ಪಿವೈ' ಇರಲಿ. ಇದು ಪೈಥಾನ್ ಎಂದು ವಿಮ್‌ಗೆ ಮುಖ್ಯವಾಗಿ ಗೊತ್ತಾಗುವುದು ಅದರಿಂದ ಅಲ್ವಾ?

ಉಬುಂಟುನಲ್ಲಿ ವಿಮ್ ಬದಲು ನ್ಯಾನೊ ಎಡಿಟರ್ ಬಳಸುವವರಿಗೆ ಬಣ್ಣ ಮೊದಲೇ ಇರುತ್ತದೆ, ಏನೂ ಮಾಡುವುದು ಬೇಡ.

ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ. ಶನಿವಾರ ರಾತ್ರಿಯೊಳಗೆ ಹಾಕಿದರೆ ಭಾನುವಾರದ ಸಮಯ ಉಳಿಯುತ್ತದೆ.